ದೇವರನ್ನು ನಂಬದವರಿಗೆ ಆಂಗ್ಲಿಕನ್ ಚರ್ಚಿನ ಕೈಪಿಡಿ: ಎಲ್ಲಿ ಏಳಬೇಕು, ಎಲ್ಲಿ ಸುಮ್ಮನಿರಬೇಕು, ಎಲ್ಲಿ ತಕರಾರು ತೆಗೆಯಬೇಕು

ಇಂಗ್ಲೆಂಡಿನಲ್ಲಿ ನೆಲೆಸಿದ ನಾಸ್ತಿಕರಿಗೆ ಚರ್ಚು ತಪ್ಪುವುದಿಲ್ಲ. ಸಹೋದ್ಯೋಗಿಯ ಮದುವೆ, ಪಕ್ಕದ ಮನೆಯ ಮಗುವಿನ ದೀಕ್ಷಾಸ್ನಾನ, ಪರಿಚಯದ ಹಿರಿಯರ ಅಂತ್ಯಸಂಸ್ಕಾರ, ಮಕ್ಕಳ ಶಾಲೆಯ ಕ್ರಿಸ್‌ಮಸ್ ಹಾಡು, ಹೀಗೆ ಏನಾದರೊಂದು ಕಾರಣ ಎಳೆದೊಯ್ದು ಆ ಮರದ ಬೆಂಚಿನ ಮೇಲೆ ಕೂರಿಸುತ್ತದೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ. 37.2ರಷ್ಟು ಜನ ‘ಯಾವ ಧರ್ಮವೂ ಇಲ್ಲ’ ಎಂದು ಬರೆಸಿದ್ದಾರೆ. ಕ್ರೈಸ್ತರೆಂದು ಬರೆಸಿದವರು ಶೇ. 46.2. ಹಾಗಾಗಿ ಆ ಬೆಂಚಿನಲ್ಲಿ ನಂಬದವರು ನೀವೊಬ್ಬರೇ ಆಗಿರುವುದು ಅನುಮಾನ.

ಆಂಗ್ಲಿಕನ್ ಚರ್ಚು, ಅಂದರೆ ಸರ್ಕಾರದ ಜತೆ ನಂಟಿರುವ ಇಂಗ್ಲೆಂಡಿನ ಸ್ಥಾಪಿತ ಚರ್ಚಾದ ‘ಚರ್ಚ್ ಆಫ್ ಇಂಗ್ಲೆಂಡ್’, ಒಳಗೆ ಬಂದವರ ನಂಬಿಕೆಯನ್ನು ಬಾಗಿಲಲ್ಲಿ ತಪಾಸಣೆ ಮಾಡುವುದಿಲ್ಲ. ಏಳಿ, ಕೂರಿ, ಹಾಡಿ ಎನ್ನುತ್ತದೆ, ಅಷ್ಟೇ. ‘ನಾನು ನಂಬುತ್ತೇನೆ’ ಎಂದು ನಿಮ್ಮ ಬಾಯಿಂದಲೇ ಹೊರಡಬೇಕಾದ ಜಾಗಗಳು ಬೆರಳೆಣಿಕೆಯವು. ಅವು ಯಾವುವೆಂದು ಗೊತ್ತಿದ್ದರೆ ಸುಳ್ಳಾಡದೆ, ಒರಟಾಗಿ ನಡೆದುಕೊಳ್ಳದೆ ಹೊರಬರಬಹುದು. ಜಗಳ ಆಡಲೇಬೇಕಾದ ಜಾಗಗಳೂ ಇವೆ. ಅವು ಬಹುಪಾಲು ಕಟ್ಟಡದ ಹೊರಗಿವೆ.

ನಿಮ್ಮ ತಕರಾರು ಯಾವುದರ ಮೇಲೆ?

ಬಹಿರಂಗ ನಾಸ್ತಿಕರೆಲ್ಲ ಈ ಚರ್ಚನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಕೆಲವರಿಗೆ ಸಿಟ್ಟು ಇರುವುದು ಚರ್ಚಿಗೆ ಸರ್ಕಾರದ ಜತೆಗಿರುವ ನಂಟಿನ ಮೇಲೆ. ನಾಸ್ತಿಕ ನಾಯಕ ಚಾರ್ಲ್ಸ್ ಬ್ರ್ಯಾಡ್ಲಾ 1866ರಲ್ಲಿ ಕಟ್ಟಿದ ನ್ಯಾಷನಲ್ ಸೆಕ್ಯುಲರ್ ಸೊಸೈಟಿಯದು ಇಂದಿಗೂ ಇದೇ ಜಾಡು. ಇನ್ನು ಕೆಲವರ ತಕರಾರು ಸಿದ್ಧಾಂತದ ಮೇಲೆ: ದೇವರಿದ್ದಾನೆ ಎಂಬುದಕ್ಕೆ ಕೊಡುವ ಯಾವ ವಾದವೂ ನಿಲ್ಲುವುದಿಲ್ಲ, ನರಕದ ಭಯ ಹುಟ್ಟಿಸುವುದು ನೀತಿಯಲ್ಲ ಎಂಬುದು. ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರಲ್ಲಿ ಲಂಡನ್ನಿನ ಬ್ಯಾಟರ್ಸೀ ಟೌನ್ ಹಾಲ್‌ನಲ್ಲಿ ಮಾಡಿದ ಭಾಷಣ ಈ ದಾರಿಯದು.

ಮೂರನೆಯ ಬಗೆಯವರು ದೇವರನ್ನು ತಳ್ಳಿಹಾಕಿ ಗೋಪುರ, ಗಂಟೆ, ಗಾಯನವನ್ನು ಉಳಿಸಿಕೊಂಡವರು. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 2024ರ ಈಸ್ಟರ್ ದಿನ ರೇಡಿಯೋ ಸಂದರ್ಶನವೊಂದರಲ್ಲಿ ತಮ್ಮನ್ನು ‘ಸಾಂಸ್ಕೃತಿಕ ಕ್ರೈಸ್ತ’ ಎಂದು ಕರೆದುಕೊಂಡರು. ನಂಬುವವರು ಕಡಿಮೆಯಾಗುತ್ತಿರುವುದು ಒಳ್ಳೆಯದೇ, ಆದರೆ ಕೆಥೀಡ್ರಲ್‌ಗಳೂ (ಬಿಷಪ್ಪರ ಮುಖ್ಯ ಚರ್ಚುಗಳು) ಊರ ಚರ್ಚುಗಳೂ ಇಲ್ಲವಾದರೆ ತನಗೆ ಹಿಡಿಸದು ಎಂಬುದು ಅವರ ಮಾತಿನ ಸಾರ. ನಂಬುವವರೇ ಇಲ್ಲವಾದರೆ ಆ ಚರ್ಚಿನ ಮಾಡು ಸೋರಿದಾಗ ದುಡ್ಡು ಯಾರು ಕೊಡುತ್ತಾರೆ ಎಂದು ಭಕ್ತರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಕೆಲಸ ಕೆಡುವುದು ಈ ಮೂರನ್ನೂ ಕಲಸಿದಾಗ. ಆರಾಧನೆ ಮುಗಿದ ಮೇಲೆ ಕಾಫಿ ಕಪ್ಪು ಹಿಡಿದು ನಿಂತ ವಿಕಾರ್ (ಊರ ಚರ್ಚಿನ ಪಾದ್ರಿ) ಮುಂದೆ ಹೋಗಿ ‘ಸಂಸತ್ತಿನಲ್ಲಿ ನಿಮ್ಮ ಬಿಷಪ್ಪರಿಗೇನು ಕೆಲಸ’ ಎಂದು ರೇಗಿದರೆ, ಆ ಬಡಪಾಯಿ ಮಾಡುವುದಕ್ಕೆ ಏನೂ ಇಲ್ಲ. ಆ ಪ್ರಶ್ನೆ ನಿಮ್ಮ ಎಂಪಿಗೆ ಬರೆಯಬೇಕಾದದ್ದು.

ಬೋರ್ಡ್ ಓದಿ ಒಳಗೆ ಹೋಗಿ

ಚರ್ಚ್ ಆಫ್ ಇಂಗ್ಲೆಂಡ್ ಹೆಸರಿಗೆ ಒಂದೇ. ಒಳಗೆ ಹಲವು. ಗೇಟಿನ ಹತ್ತಿರದ ನೋಟಿಸ್ ಬೋರ್ಡ್ ನೋಡಿದರೆ ಅರ್ಧ ತಿಳಿಯುತ್ತದೆ. ‘ಪ್ಯಾರಿಷ್ ಮಾಸ್’, ‘ಫಾದರ್ ಇಂಥವರು’ ಎಂದಿದ್ದರೆ ಅದು ಕ್ಯಾಥೊಲಿಕ್ ಒಲವಿನ ಮೇಲ್ಪಂಥ: ಧೂಪ, ಗಂಟೆ, ಕಸೂತಿ ಹಾಕಿದ ನಿಲುವಂಗಿ. ‘ಆಲ್ಫಾ ಕೋರ್ಸ್’, ‘ಬೆಳಗ್ಗೆ 10.30 ಎಲ್ಲ ವಯಸ್ಸಿನವರಿಗೆ’ ಎಂದಿದ್ದರೆ ಇವಾಂಜೆಲಿಕಲ್: ಗಿಟಾರ್, ಡ್ರಮ್ಸ್, ಪರದೆಯ ಮೇಲೆ ಹಾಡಿನ ಸಾಲು, ಅರ್ಧ ಗಂಟೆಯ ಪ್ರಸಂಗ (ಪಾದ್ರಿಯ ಪ್ರವಚನ). ‘ಬೆಳಗ್ಗೆ 8, 1662’ ಎಂದಿದ್ದರೆ ಹಳೆಯ ಪ್ರಾರ್ಥನಾ ಪುಸ್ತಕದ ಶಾಂತ ಆರಾಧನೆ. ಸಾಮಾನ್ಯವಾಗಿ ಹಾಡಿಲ್ಲ, ಬಂದವರು ಹತ್ತೋ ಹನ್ನೆರಡೋ ಜನ, ಹೆಚ್ಚಿನವರು ವಯಸ್ಸಾದವರು, ಮುಗಿದ ಮೇಲೆ ಯಾರೂ ಮೈಮೇಲೆ ಬಿದ್ದು ಮಾತಾಡಿಸುವುದಿಲ್ಲ. ಮಾತು ಬೇಡದ ನಾಸ್ತಿಕರಿಗೆ ಇದೇ ವಾಸಿ.

ಇವಾಂಜೆಲಿಕಲ್ ಚರ್ಚುಗಳಲ್ಲಿ ಹೊಸ ಮುಖ ಕಂಡರೆ ಬಿಡುವುದಿಲ್ಲ. ಹೆಸರು, ಫೋನ್ ನಂಬರ್ ಬರೆಯುವ ಕಾರ್ಡ್ ಕೈಗೆ ಬರುತ್ತದೆ, ಖಾಲಿ ಬಿಡುವುದು ತಪ್ಪಲ್ಲ. ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಲ್ಲಿ ಹುಟ್ಟಿದ ಆಲ್ಫಾ ಕೋರ್ಸ್‌ಗೆ ನಾಸ್ತಿಕರನ್ನೂ ಕರೆಯುತ್ತಾರೆ: ವಾರಕ್ಕೊಂದು ಸಂಜೆ, ಊಟ, ಒಂದು ಮಾತು, ಆಮೇಲೆ ಸಣ್ಣ ಗುಂಪಿನಲ್ಲಿ ಚರ್ಚೆ. ಅಲ್ಲಿ ಎಂಥ ಪ್ರಶ್ನೆ ಬೇಕಾದರೂ ಕೇಳಬಹುದು. ನಡುವೆ ‘ಪವಿತ್ರಾತ್ಮ’ದ ವಾರಾಂತ್ಯ ಎಂಬುದೊಂದು ಬರುತ್ತದೆ. ತರ್ಕಕ್ಕಿಂತ ಭಾವಾವೇಶಕ್ಕೆ ಜಾಗ ಹೆಚ್ಚಿರುವುದು ಅಲ್ಲಿ. ಹೋಗಬೇಕೋ ಬೇಡವೋ ಎಂದು ಮೊದಲೇ ನಿರ್ಧರಿಸಿಕೊಳ್ಳಿ.

ಶುರುಮಾಡಲು ಈವನ್‌ಸಾಂಗ್

ನಾಸ್ತಿಕರು ತಾವಾಗಿಯೇ ಹೋಗುವ ಆರಾಧನೆ ಒಂದಿದ್ದರೆ ಅದು ಕೆಥೀಡ್ರಲ್‌ನ ಈವನ್‌ಸಾಂಗ್. ಸಂಜೆ 5 ಅಥವಾ 5.30ಕ್ಕೆ, ಮುಕ್ಕಾಲು ಗಂಟೆ, ಮುಕ್ಕಾಲು ಪಾಲು ಕೆಲಸ ಕ್ವಾಯರ್ ಎಂಬ ಗಾಯಕವೃಂದದ್ದೇ. 1549ರ ಪ್ರಾರ್ಥನಾ ಪುಸ್ತಕಕ್ಕಾಗಿ ಥಾಮಸ್ ಕ್ರ್ಯಾನ್ಮರ್ ಹಳೆಯ ಮಠಗಳ ಎರಡು ಸಂಜೆ ಪ್ರಾರ್ಥನೆಗಳನ್ನು ಬೆಸೆದು ಮಾಡಿದ್ದು ಇದು. ಈಗ ಬಳಸುವ ಪಠ್ಯ ಹೆಚ್ಚಾಗಿ 1662ರದು.

ಹೋಗುವ ಮುನ್ನ ಕೆಥೀಡ್ರಲ್‌ನ ವೆಬ್‌ಸೈಟಿನಲ್ಲಿ ಆ ವಾರದ ಸಂಗೀತ ಪಟ್ಟಿ ನೋಡಿ. ‘ಸೆಡ್’ ಎಂದಿದ್ದರೆ ಬರೀ ಓದು, ಹಾಡಿಲ್ಲ. ಆಗಸ್ಟ್‌ನಲ್ಲಿ ಕ್ವಾಯರ್ ಮಕ್ಕಳಿಗೆ ರಜೆ, ಆಗ ಹೊರಗಿನ ತಂಡಗಳು ಹಾಡುತ್ತವೆ. ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಸೇಂಟ್ ಪಾಲ್ಸ್ ಮುಂತಾದ ಕಡೆ ಪ್ರವಾಸಿಗರಿಗೆ ದುಬಾರಿ ಟಿಕೆಟ್ ಇದೆ, ಆರಾಧನೆಗೆ ಬಂದವರಿಗೆ ಇಲ್ಲ. ಬಾಗಿಲಲ್ಲಿ ‘ಈವನ್‌ಸಾಂಗ್‌ಗೆ’ ಎಂದರೆ ಸಾಕು. ಕಾಲು ಗಂಟೆ ಮೊದಲೇ ಹೋದರೆ ಕರಿ ನಿಲುವಂಗಿಯ ವರ್ಜರ್ (ಚರ್ಚಿನ ಸಹಾಯಕ), ಜಾಗವಿದ್ದರೆ, ಕ್ವಾಯರ್ ಪಕ್ಕದ ಕೆತ್ತನೆಯ ಆಸನಗಳಲ್ಲೇ ಕೂರಿಸುತ್ತಾರೆ. ಗಾಯಕರು ನಾಲ್ಕಡಿ ದೂರ. ಮುಂದಿನ ಸಾಲಿನ ಹುಡುಗ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ.

ಚಪ್ಪಲಿ ಬಿಡಬೇಕಿಲ್ಲ. ನಮ್ಮವರು ಬಾಗಿಲಲ್ಲಿ ಒಂದು ಕ್ಷಣ ತಡವರಿಸುವುದು ಇಲ್ಲೇ. ಗಂಡಸರು ಟೋಪಿ ತೆಗೆಯಬೇಕು, ಹೆಂಗಸರು ತಲೆ ಮುಚ್ಚಬೇಕಿಲ್ಲ. ಕೋಟು ಮಾತ್ರ ತೆಗೆಯಬೇಡಿ. ಕಲ್ಲಿನ ಕಟ್ಟಡ, ಮೇ ತಿಂಗಳಲ್ಲೂ ಒಳಗೆ ಚಳಿ.

ಎದ್ದು ಕೂರುವ ಲೆಕ್ಕ ಹೀಗೆ: ಕ್ವಾಯರ್ ಒಳಬರುವಾಗ ಏಳಿ. ಕೀರ್ತನೆಗೂ ಏಳುವುದೇ ವಾಡಿಕೆ. ಬೈಬಲ್ ಓದುವಾಗ ಕೂರಿ. ಮೊದಲ ಓದಿನ ನಂತರ ಮರಿಯಳ ಹಾಡು, ಎರಡನೆಯದರ ನಂತರ ಸಿಮೆಯೋನನ ಹಾಡು, ಎರಡಕ್ಕೂ ನಿಲ್ಲಬೇಕು. ಅದಾದ ಕೂಡಲೇ, ನಿಂತಿರುವಾಗಲೇ, ವಿಶ್ವಾಸಪ್ರಮಾಣ ಬರುತ್ತದೆ. ಅಕ್ಕಪಕ್ಕದವರು ಬಲಿಪೀಠದ ಕಡೆ ತಿರುಗಿ ‘ನಾನು ನಂಬುತ್ತೇನೆ’ ಎಂದು ಶುರುಮಾಡುತ್ತಾರೆ. ಮೇಲೆ ಹೇಳಿದ ಬೆರಳೆಣಿಕೆಯ ಜಾಗಗಳಲ್ಲಿ ಇದು ಮೊದಲನೆಯದು. ನಿಂತೇ ಇರಿ, ತುಟಿ ಅಲ್ಲಾಡಿಸಬೇಡಿ. ಯಾರೂ ಗಮನಿಸುವುದಿಲ್ಲ. ಆ ಹೊತ್ತಿನಲ್ಲಿ ಪ್ರತಿಭಟನೆಯಂತೆ ಕೂತರೆ ಮಾತ್ರ ಎಲ್ಲರೂ ಗಮನಿಸುತ್ತಾರೆ, ಅದರಿಂದ ಯಾವ ತತ್ವವೂ ಗೆಲ್ಲುವುದಿಲ್ಲ. ಪ್ರಾರ್ಥನೆಗೆ ಕೆಲವರು ಮಂಡಿಯೂರುತ್ತಾರೆ. ಮುಂದಕ್ಕೆ ಸ್ವಲ್ಪ ಬಾಗಿ ಕೂರುವುದೂ ನಡೆಯುತ್ತದೆ, ಅರ್ಧ ಸಭೆ ಮಾಡುವುದು ಅದನ್ನೇ. ಆಂಥೆಮ್ ಎಂಬ ಗೀತೆಗೆ ಕೂತು ಕೇಳಿ. ಚಪ್ಪಾಳೆ ಇಲ್ಲ. ಕೊನೆಯ ಆರ್ಗನ್ ವಾದನ ಮುಗಿಯುವ ತನಕ ಎದ್ದು ಹೋಗದಿದ್ದರೆ ಆರ್ಗನಿಸ್ಟ್ ಪಾಲಿಗೆ ನೀವು ಭಕ್ತರಿಗಿಂತ ಮೇಲು.

ಭಾನುವಾರದ ಆರಾಧನೆ: ಸಾಲಿನಲ್ಲಿ ನಿಂತವರೆಲ್ಲ ಪ್ರಸಾದಕ್ಕಲ್ಲ

ಭಾನುವಾರ ಬೆಳಗಿನದು ಯೂಕರಿಸ್ಟ್, ಅಂದರೆ ಕರ್ತನ ಭೋಜನದ ಆರಾಧನೆ. ಒಂದರಿಂದ ಒಂದೂಕಾಲು ಗಂಟೆ. ಪಾಪ ನಿವೇದನೆ, ಓದು, ಹತ್ತು ಹದಿನೈದು ನಿಮಿಷದ ಪ್ರಸಂಗ, ನಿಸಿಯಾದ ವಿಶ್ವಾಸಪ್ರಮಾಣ, ಬೇರೆಯವರಿಗಾಗಿ ಪ್ರಾರ್ಥನೆ. ಆಮೇಲೆ ‘ಶಾಂತಿ’ ಎಂದು ಎಲ್ಲರೂ ಕೈಕುಲುಕುತ್ತಾರೆ. ಇದರಲ್ಲಿ ನಂಬಿಕೆಯ ಮಾತಿಲ್ಲ, ಕುಲುಕಿ. ಮುಜುಗರ ನಿಮಗಿಂತ ಇಂಗ್ಲಿಷರಿಗೇ ಹೆಚ್ಚು.

ಎಡವಟ್ಟಾಗುವುದು ಮುಂದಿನ ಹಂತದಲ್ಲಿ. ಬೆಂಚಿನವರೆಲ್ಲ ಒಬ್ಬೊಬ್ಬರಾಗಿ ಎದ್ದು ಮುಂದೆ ಹೋಗಿ ಕೈಯೊಡ್ಡಿ ಬಿಳಿ ಬಿಲ್ಲೆಯಂಥದ್ದನ್ನು ಪಡೆಯುತ್ತಾರೆ. ದೇವಸ್ಥಾನದಲ್ಲಿ ಸಾಲು ಕಂಡರೆ ಕೈ ತಾನಾಗಿ ಮುಂದೆ ಬರುವ ಅಭ್ಯಾಸ ನಮ್ಮದು. ನಂಬಿಕೆ ಇದ್ದರೂ ಇಲ್ಲದಿದ್ದರೂ ಪ್ರಸಾದ ಬೇಡ ಎನ್ನುವವರು ಕಡಿಮೆ. ಇಲ್ಲಿ ಹಾಗೆ ತೆಗೆದುಕೊಳ್ಳಬಾರದು. ಈ ರೊಟ್ಟಿ ಮತ್ತು ದ್ರಾಕ್ಷಾರಸ ದೀಕ್ಷಾಸ್ನಾನವಾಗಿ ತಮ್ಮ ಸಭೆಯಲ್ಲಿ ಭೋಜನ ಸ್ವೀಕರಿಸುವ ಕ್ರೈಸ್ತರಿಗೆ ಮಾತ್ರ. ನಂಬದವರು ಗೊತ್ತಿದ್ದೂ ತೆಗೆದುಕೊಂಡರೆ ಅವರ ಪಾಲಿಗೆ ಅತ್ಯಂತ ಪವಿತ್ರವಾದದ್ದನ್ನು ತಿಂಡಿ ಮಾಡಿಕೊಂಡಂತೆ. ನಿಮ್ಮ ಸರದಿ ಬಂದಾಗ ಮೊಣಕಾಲು ಪಕ್ಕಕ್ಕೆ ತಿರುಗಿಸಿ, ಸಾಲಿನವರಿಗೆ ದಾರಿ ಬಿಟ್ಟು ಕೂತಿರಿ. ಮುಂದೆ ಹೋಗಿ ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿದರೆ ಪಾದ್ರಿ ಬಿಲ್ಲೆ ಕೊಡದೆ ಆಶೀರ್ವಾದ ಹೇಳುತ್ತಾರೆ. ಮಕ್ಕಳಿಗೆ ಅದು ಇಷ್ಟ, ನಾಸ್ತಿಕರಿಗೆ ಅದರ ಅಗತ್ಯವಿಲ್ಲ.

ಮನೆಯಲ್ಲಿ ಒಬ್ಬರು ಕರ್ನಾಟಕದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಇನ್ನೊಬ್ಬರು ನಂಬದವರು ಎಂಬ ಜೋಡಿಗಳಿಗೆ ಒಂದು ಮಾತು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಸಭೆಗಳು ಸೇರಿ ಆದ ಸಿಎಸ್‌ಐ ಇಂದು ಜಾಗತಿಕ ಆಂಗ್ಲಿಕನ್ ಒಕ್ಕೂಟದಲ್ಲಿದೆ. ಅಲ್ಲಿ ಭೋಜನ ಸ್ವೀಕರಿಸುವವರು ಇಲ್ಲಿಯೂ ಸ್ವೀಕರಿಸಬಹುದು. ಒಬ್ಬರು ಹೋಗಿ ಬರಲಿ, ಇನ್ನೊಬ್ಬರು ಕೋಟು ಕಾಯಲಿ.

ದೀಕ್ಷಾಸ್ನಾನ, ಮದುವೆ, ಸಾವು

ಗೆಳೆಯರು ಪ್ರೀತಿಯಿಂದ ‘ನಮ್ಮ ಮಗುವಿಗೆ ಗಾಡ್‌ಪೇರೆಂಟ್ ಆಗು’ (ದೀಕ್ಷಾಸ್ನಾನದಲ್ಲಿ ಮಗುವಿನ ಪರ ನಿಲ್ಲುವ ಧರ್ಮಪೋಷಕರು) ಎಂದರೆ ಒಪ್ಪುವ ಮೊದಲು ನಿಯಮ ತಿಳಿಯಿರಿ: ಗಾಡ್‌ಪೇರೆಂಟ್ ಆಗುವವರಿಗೆ ದೀಕ್ಷಾಸ್ನಾನ ಆಗಿರಲೇಬೇಕು. ಆಗಿಲ್ಲದಿದ್ದರೆ ಅಲ್ಲಿಗೇ ಮುಗಿಯಿತು, ಬೇಡ ಎನ್ನುವ ಸಂಕಟವೂ ತಪ್ಪಿತು. ಚಿಕ್ಕಂದಿನಲ್ಲಿ ದೀಕ್ಷಾಸ್ನಾನವಾಗಿ ಆಮೇಲೆ ನಂಬಿಕೆ ಬಿಟ್ಟವರ ಪಾಡು ಕಷ್ಟದ್ದು. ಸೈತಾನನನ್ನು ತ್ಯಜಿಸುತ್ತೀಯಾ, ಕ್ರಿಸ್ತನ ಕಡೆ ತಿರುಗುತ್ತೀಯಾ ಎಂಬಂಥ ಪ್ರಶ್ನೆಗಳಿಗೆ ಎಲ್ಲರೆದುರು ಹೌದೆನ್ನಬೇಕು. ಇಲ್ಲಿ ತುಟಿ ಮುಚ್ಚಿ ಪಾರಾಗುವಂತಿಲ್ಲ. ತಂದೆತಾಯಿಗೆ ಮೊದಲೇ ಹೇಳಿ, ಬೈಬಲ್ ಅಲ್ಲದ ಒಂದು ಕವಿತೆ ಓದುವ ಕೆಲಸವನ್ನೋ ಊಟದ ಹೊತ್ತಿನ ಮಾತನ್ನೋ ಕೇಳಿ ಪಡೆದುಕೊಳ್ಳಿ.

ಮದುವೆಗೆ ಅತಿಥಿಯಾಗಿ ಹೋದರೆ ತೊಂದರೆ ಏನೂ ಇಲ್ಲ. ಒಂದು ಕಡೆ ಪಾದ್ರಿ ಬಂಧುಬಳಗದ ಕಡೆ ತಿರುಗಿ ‘ಇವರಿಬ್ಬರಿಗೆ ಮುಂದೆಯೂ ಆಸರೆಯಾಗಿ ನಿಲ್ಲುತ್ತೀರಾ’ ಎಂದು ಕೇಳುತ್ತಾರೆ. ಇದಕ್ಕೆ ಗಟ್ಟಿಯಾಗಿ ಹೌದೆನ್ನಿ, ದೇವರ ಹೆಸರಿಲ್ಲದ ಒಳ್ಳೆಯ ಪ್ರಶ್ನೆ ಅದು. ಮದುವೆಯಾಗುವವರೇ ನಂಬದವರಾದರೆ? ಪ್ಯಾರಿಷ್‌ನ (ಒಂದು ಊರ ಚರ್ಚಿನ ವ್ಯಾಪ್ತಿಯ) ನಿವಾಸಿಗೆ, ನಂಬಿಕೆ ಏನೇ ಇರಲಿ, ಆ ಪ್ಯಾರಿಷ್ ಚರ್ಚಿನಲ್ಲಿ ಮದುವೆಯಾಗುವ ಹಕ್ಕು ಕಾನೂನಿನಲ್ಲಿದೆ. ವಚನದಿಂದ ದೇವರನ್ನು ತೆಗೆದುಹಾಕುವ ಹಕ್ಕು ಇಲ್ಲ. ಸಲಿಂಗಿ ಜೋಡಿಗೆ ಈ ಹಕ್ಕೇ ಇಲ್ಲ: 2013ರ ಕಾನೂನು ಸಲಿಂಗ ವಿವಾಹವನ್ನು ಒಪ್ಪಿದರೂ ಚರ್ಚ್ ಆಫ್ ಇಂಗ್ಲೆಂಡನ್ನು ಹೊರಗಿಟ್ಟಿತು. ದೇವರ ಹೆಸರಿಲ್ಲದ ಹ್ಯೂಮನಿಸ್ಟ್ ವಿಧಿಯ ಮದುವೆಗೆ ಸ್ಕಾಟ್‌ಲೆಂಡ್‌ನಲ್ಲಿ 2005ರಿಂದ ಮಾನ್ಯತೆ ಸಿಕ್ಕಿದೆ. ಇಂಗ್ಲೆಂಡ್‌ನಲ್ಲಿ ಅದರ ಜತೆಗೆ ರಿಜಿಸ್ಟ್ರಾರ್ ಮುಂದೆ ಬೇರೆಯಾಗಿ ನೋಂದಣಿಯನ್ನೂ ಮಾಡಿಸಬೇಕಾಗಿ ಬಂದಿದೆ.

ಅಂತ್ಯಸಂಸ್ಕಾರದಲ್ಲಿ ವಾದ ಬೇಡ, ಅಷ್ಟೇ. ಸ್ಟೀಫನ್ ಹಾಕಿಂಗ್ ದೇವರಿಲ್ಲ ಎಂದವರು. 2018ರಲ್ಲಿ ಅವರ ಚಿತಾಭಸ್ಮವನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ ಮತ್ತು ಡಾರ್ವಿನ್ ಸಮಾಧಿಗಳ ನಡುವೆ ಇಟ್ಟಾಗ ಆಂಗ್ಲಿಕನ್ ಪ್ರಾರ್ಥನೆಯೇ ನಡೆಯಿತು. ಈ ಚರ್ಚಿನ ಸಡಿಲತನಕ್ಕೂ, ದೊಡ್ಡವರನ್ನೆಲ್ಲ ತನ್ನವರೆನ್ನುವ ಚಾಳಿಗೂ ಇದು ಒಳ್ಳೆಯ ಮಾದರಿ.

ಶಾಲೆ: ಜಗಳ ನಿಜವಾಗಿ ಇರುವುದು ಇಲ್ಲಿ

ಇಂಗ್ಲೆಂಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಚರ್ಚ್ ಆಫ್ ಇಂಗ್ಲೆಂಡ್‌ಗೆ ಸೇರಿದ್ದು. ಸಂಬಳ ಕೊಡುವುದು ತೆರಿಗೆದಾರರು. ಸೀಟು ಕಡಿಮೆ ಬಿದ್ದಾಗ ಇವುಗಳಲ್ಲಿ ಕೆಲವು ಚರ್ಚಿಗೆ ಬರುವವರ ಮಕ್ಕಳಿಗೆ ಆದ್ಯತೆ ಕೊಡುತ್ತವೆ. ಹಾಗಾಗಿ ಮಗು ಮೂರು ವರ್ಷಕ್ಕೆ ಬರುತ್ತಿದ್ದಂತೆ ಅಪ್ಪ ಅಮ್ಮನಿಗೆ ದಿಢೀರ್ ಭಕ್ತಿ ಬರುವುದುಂಟು. ‘ಮಂಡಿಯೂರಿ, ಫೀಸು ಉಳಿಸಿ’ ಎಂಬ ಗೇಲಿ ಮಾತೇ ಇಂಗ್ಲಿಷಿನಲ್ಲಿ ಚಾಲ್ತಿಯಲ್ಲಿದೆ.

ಹೆದರುವ ಮೊದಲು ಶಾಲೆಯ ಬಗೆ ನೋಡಿ. ‘ವಾಲಂಟರಿ ಕಂಟ್ರೋಲ್ಡ್’ ಎಂದಿದ್ದರೆ ಪ್ರವೇಶ ನಿಯಮ ಸ್ಥಳೀಯ ಕೌನ್ಸಿಲ್‌ನದು, ಸಾಮಾನ್ಯವಾಗಿ ನಂಬಿಕೆ ಕೇಳುವುದಿಲ್ಲ. ‘ವಾಲಂಟರಿ ಏಡೆಡ್’ ಆದರೆ ನಿಯಮ ಶಾಲೆಯದ್ದೇ. ಅದರ ಪ್ರವೇಶ ನೀತಿಯನ್ನು ಇಳಿಸಿಕೊಂಡು ಸಾಲುಸಾಲಾಗಿ ಓದಿ. ತಿಂಗಳಿಗೆ ಎಷ್ಟು ಸಲ, ಎಷ್ಟು ವರ್ಷ ಚರ್ಚಿಗೆ ಬಂದಿರಬೇಕು ಎಂಬುದು ಅಲ್ಲಿರುತ್ತದೆ. ಹೆಚ್ಚುವರಿ ಫಾರಂ ಇದ್ದರೆ ಅದಕ್ಕೆ ವಿಕಾರ್ ಸಹಿ ಬೇಕು. ಎಷ್ಟೋ ಏಡೆಡ್ ಶಾಲೆಗಳು ಒಂದಷ್ಟು ಸೀಟನ್ನು ಬರೀ ದೂರದ ಲೆಕ್ಕದಲ್ಲಿ ಕೊಡುತ್ತವೆ, ಅದನ್ನು ನೋಡದೆ ಅರ್ಜಿಯನ್ನೇ ಕೈಬಿಡುವವರಿದ್ದಾರೆ. ಪ್ರಾಥಮಿಕ ಅರ್ಜಿಗೆ ಜನವರಿ 15, ಸೆಕೆಂಡರಿಗೆ ಅಕ್ಟೋಬರ್ 31 ಕೊನೆಯ ದಿನ. ಹೆಚ್ಚುವರಿ ಫಾರಂ ಕೌನ್ಸಿಲ್‌ಗಲ್ಲ, ನೇರ ಶಾಲೆಗೇ ಹೋಗಬೇಕಾಗಿರುತ್ತದೆ. ಅರ್ಜಿ ಬೀಳುವುದು ಹೆಚ್ಚಾಗಿ ಈ ಕಾರಣಕ್ಕೇ.

ಚರ್ಚಿನದಲ್ಲದ ಸರ್ಕಾರಿ ಶಾಲೆಯಲ್ಲೂ ದಿನಕ್ಕೊಂದು ಸಾಮೂಹಿಕ ಪ್ರಾರ್ಥನೆ ಕಾನೂನಿನ ಪ್ರಕಾರ ಇದೆ, ಎಷ್ಟೋ ಶಾಲೆಗಳು ಅದನ್ನು ನೀತಿಕಥೆಯ ಮಟ್ಟಕ್ಕಿಳಿಸಿವೆ. ಮಗುವನ್ನು ಪ್ರಾರ್ಥನೆಯಿಂದಲೂ ಧರ್ಮಪಾಠದಿಂದಲೂ ಬಿಡಿಸುವ ಹಕ್ಕು ತಂದೆತಾಯಿಗಿದೆ. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದರೆ ಸಾಕು, ಕಾರಣ ಕೊಡಬೇಕಿಲ್ಲ. ಆದರೆ ಎರಡನ್ನೂ ಬೇರೆಬೇರೆಯಾಗಿ ಯೋಚಿಸಿ. ಧರ್ಮಪಾಠದಲ್ಲಿ ಹಿಂದೂ, ಸಿಖ್, ಇಸ್ಲಾಂ ಎಲ್ಲ ಬರುತ್ತದೆ, ಅದನ್ನು ತಪ್ಪಿಸುವುದು ಮಗುವಿಗೇ ನಷ್ಟ. ಪ್ರಾರ್ಥನೆಯಿಂದ ಬಿಡಿಸಿದ ಮಗು ಆ ಇಪ್ಪತ್ತು ನಿಮಿಷ ಎಲ್ಲಿ, ಯಾರ ಜತೆ ಕೂರುತ್ತದೆ ಎಂದು ಪತ್ರದಲ್ಲೇ ಕೇಳಿ.

ಪ್ರಮಾಣವಚನ

ಬ್ರಿಟಿಷ್ ಪೌರತ್ವ ಸಮಾರಂಭದಲ್ಲಿ ಎರಡು ಪಠ್ಯಗಳಿರುತ್ತವೆ: ‘ಸರ್ವಶಕ್ತ ದೇವರ ಮೇಲಾಣೆ’ ಎಂಬುದೊಂದು, ದೇವರಿಲ್ಲದೆ ‘ದೃಢವಾಗಿ ಘೋಷಿಸುತ್ತೇನೆ’ ಎಂಬುದೊಂದು. ಹೆಸರು ಕೊಡುವಾಗಲೇ ‘ಅಫರ್ಮೇಷನ್’ ಎಂದು ಹೇಳಿ. ಜ್ಯೂರಿ ಕರೆ ಬಂದರೂ ಅಷ್ಟೇ, ನ್ಯಾಯಾಲಯದ ಸಿಬ್ಬಂದಿಗೆ ಒಂದು ಮಾತು ಸಾಕು.

ಈ ಒಂದು ಮಾತಿನ ಹಿಂದೆ ಬ್ರ್ಯಾಡ್ಲಾ ಇದ್ದಾರೆ. 1880ರಲ್ಲಿ ನಾರ್ತಾಂಪ್ಟನ್‌ನಿಂದ ಗೆದ್ದು ಬಂದ ಅವರು ಆಣೆಯ ಬದಲು ಘೋಷಣೆ ಮಾಡುತ್ತೇನೆಂದಾಗ ಸದನ ಒಪ್ಪಲಿಲ್ಲ. ಸ್ಥಾನ ಖಾಲಿಯಾಯಿತು, ಅವರು ಮತ್ತೆ ಮತ್ತೆ ಗೆದ್ದರು, ಕೂರಲು ಬಿಟ್ಟಿದ್ದು 1886ರಲ್ಲಿ. 1888ರ ಕಾನೂನು ಎಲ್ಲರಿಗೂ ಆ ಹಕ್ಕು ಕೊಟ್ಟಿತು. ಭಾರತದ ಪರ ಸಂಸತ್ತಿನಲ್ಲಿ ಮಾತಾಡುತ್ತಿದ್ದ ಅವರು 1889ರ ಬೊಂಬಾಯಿ ಕಾಂಗ್ರೆಸ್‌ಗೂ ಬಂದಿದ್ದರು. 1891ರಲ್ಲಿ ಅವರ ಅಂತ್ಯಸಂಸ್ಕಾರಕ್ಕೆ ಹೋದವರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿಯೂ ಒಬ್ಬರು.

ವಾದಕ್ಕೆ ಇಳಿಯುವುದಾದರೆ

ಇಂಗ್ಲಿಷ್ ವಿಕಾರ್ ಜತೆ ಮಾತಿಗೆ ನಿಂತು, ಭೂಮಿಗೆ ಆರು ಸಾವಿರ ವರ್ಷ ಎಂಬುದನ್ನು ಖಂಡಿಸಲು ಹೊರಟರೆ ಅವರು ನಿಮ್ಮ ಜತೆಗೇ ತಲೆಯಾಡಿಸುತ್ತಾರೆ. ಅದು ಅಮೆರಿಕದ ಜಗಳ. ಡಾರ್ವಿನ್‌ರನ್ನು 1882ರಲ್ಲೇ ಅಬ್ಬೆಯೊಳಗೆ ಮಲಗಿಸಿದ ಚರ್ಚು ಇದು. ಹಾಗೆಂದು ‘ಇಲ್ಲಿನ ಪಾದ್ರಿಗಳಿಗೇ ನಂಬಿಕೆಯಿಲ್ಲ’ ಎಂದರೂ ತಪ್ಪು. ದೇವರು ಮನುಷ್ಯರ ಒಳಗಿನ ಆದರ್ಶ ಮಾತ್ರ ಎಂದು ಪುಸ್ತಕ ಬರೆದ ಸಸೆಕ್ಸ್‌ನ ಪಾದ್ರಿ ಆಂಥೊನಿ ಫ್ರೀಮನ್‌ರನ್ನು 1994ರಲ್ಲಿ ಬಿಷಪ್ ಕೆಲಸದಿಂದ ತೆಗೆದರು. ಎದುರಿಗಿರುವವರು ಏನು ನಂಬುತ್ತಾರೆಂದು ಮೊದಲು ಕೇಳಿ, ಅದಕ್ಕೆ ಉತ್ತರ ಕೊಡಿ.

‘ನಮ್ಮ ತೆರಿಗೆಯಲ್ಲಿ ಪಾದ್ರಿಗಳಿಗೆ ಸಂಬಳ’ ಎಂಬ ಮಾತನ್ನೂ ಬಿಡಿ. ಜರ್ಮನಿಯಂತೆ ಇಲ್ಲಿ ಚರ್ಚ್ ತೆರಿಗೆ ಇಲ್ಲ. ವಿಕಾರ್ ಸಂಬಳ ಬರುವುದು ಭಕ್ತರ ಕಾಣಿಕೆ ಮತ್ತು ಚರ್ಚಿನ ಹಳೆಯ ಆಸ್ತಿಯಿಂದ. ಸರ್ಕಾರದ ದುಡ್ಡು ಹೋಗುವುದು ಶಾಲೆಗಳಿಗೆ, ಆಸ್ಪತ್ರೆ, ಸೇನೆ, ಜೈಲುಗಳಲ್ಲಿ ಕೆಲಸ ಮಾಡುವ ಪಾದ್ರಿಗಳಾದ ಚಾಪ್ಲಿನ್‌ಗಳಿಗೆ. ತಕರಾರು ಅಲ್ಲಿಗೇ ಗುರಿಯಿಡಲಿ.

ಗಟ್ಟಿ ವಾದ ಇರುವುದು ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ 26 ಬಿಷಪ್ಪರ ವಿಷಯದಲ್ಲಿ. ಚುನಾವಣೆಯಿಲ್ಲದೆ, ಹುದ್ದೆಯ ಬಲದಿಂದಲೇ ಇವರು ಕಾನೂನು ಮಾಡಲು ಕೂರುತ್ತಾರೆ, ಎಲ್ಲರೂ ಇಂಗ್ಲೆಂಡಿನವರು. ವೇಲ್ಸ್‌ನ ಚರ್ಚು 1920ರಲ್ಲೇ ಸರ್ಕಾರದಿಂದ ಬೇರೆಯಾಗಿದೆ, ಸ್ಕಾಟ್‌ಲೆಂಡಿನದು ಪ್ರೆಸ್ಬಿಟೇರಿಯನ್, ಅಲ್ಲಿ ಬಿಷಪ್ಪರೇ ಇಲ್ಲ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಕೂತು ಅಲ್ಲಿನ ಬಿಷಪ್ ಮೇಲೆ ಈ ದೂರು ಹೊರಿಸಬೇಡಿ. ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಪ್ರತಿದಿನ ಪ್ರಾರ್ಥನೆ, ಅದಕ್ಕೆ ಹಾಜರಾಗುವವರು ಚೀಟಿ ಇಟ್ಟು ಆ ದಿನದ ಸೀಟು ಕಾದಿರಿಸಿಕೊಳ್ಳಬಹುದು. ಸೀಟಿಗಿಂತ ಸದಸ್ಯರೇ ಹೆಚ್ಚಿರುವ ಸದನವಾದ್ದರಿಂದ ನಂಬದ ಎಂಪಿಗಳೂ ಪ್ರಾರ್ಥನೆಗೆ ಬಂದು ನಿಲ್ಲುತ್ತಾರೆ. ಸ್ಥಾಪಿತ ಚರ್ಚು ಎಂದರೆ ಏನೆಂದು ವಿವರಿಸಲು ಇದಕ್ಕಿಂತ ಚಿಕ್ಕ ಉದಾಹರಣೆ ಸಿಗದು.

ದೌರ್ಜನ್ಯ ಮುಚ್ಚಿಟ್ಟ ವಿಷಯ ಎತ್ತುವುದಾದರೆ ನಿಖರವಾಗಿ ಎತ್ತಿ. ಈ ಚರ್ಚಿನ ಅತ್ಯುನ್ನತ ಪಾದ್ರಿ, ಆಗಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರ್‌ನಲ್ಲಿ ರಾಜೀನಾಮೆ ಪ್ರಕಟಿಸಿದ್ದು ಹುಡುಗರ ಮೇಲೆ ದೌರ್ಜನ್ಯ ನಡೆಸಿದ ವಕೀಲ ಜಾನ್ ಸ್ಮಿತ್ ಪ್ರಕರಣದ ವಿಚಾರಣಾ ವರದಿಯ ನಂತರ. ನಿಮ್ಮೂರಿನ ಚರ್ಚಿನ ಹೂ ಜೋಡಿಸುವ ಅಜ್ಜಿಗೆ ಅದನ್ನು ಎದುರಿಗೆ ಹೇಳಿ ಸಾಧಿಸುವುದೇನಿಲ್ಲ. ಆಕೆಗೆ ನಿಮಗಿಂತ ಹೆಚ್ಚು ನೋವಾಗಿರುತ್ತದೆ.

ಕಾಣಿಕೆ ತಟ್ಟೆ

ತಟ್ಟೆ ಬಂದಾಗ ಪಕ್ಕದವರಿಗೆ ದಾಟಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಾಡು ಕೇಳಿದ್ದಕ್ಕೆ ಏನಾದರೂ ಕೊಡಬೇಕೆನಿಸಿದರೆ ಬಾಗಿಲಲ್ಲಿ ಕಾರ್ಡ್ ಯಂತ್ರ ಇರುತ್ತದೆ. ಮತಪ್ರಚಾರಕ್ಕೆ ಬೇಡ, ಕಟ್ಟಡಕ್ಕೆ ಮಾತ್ರ ಎನ್ನುವವರಿಗೆ ಬಹಳಷ್ಟು ಕೆಥೀಡ್ರಲ್‌ಗಳಲ್ಲಿ ‘ಫ್ರೆಂಡ್ಸ್’ ಎಂಬ ಪ್ರತ್ಯೇಕ ಸಂಘವಿದೆ, ಸದಸ್ಯತ್ವಕ್ಕೆ ಸಾಮಾನ್ಯವಾಗಿ ನಂಬಿಕೆ ಕೇಳುವುದಿಲ್ಲ. 1969ರಲ್ಲಿ ಸ್ಥಾಪನೆಯಾದ, ಈಗ ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್ ಎನಿಸಿಕೊಂಡಿರುವ ಸಂಸ್ಥೆ, ಆರಾಧನೆಗೆ ಬರುವವರಿಲ್ಲದೆ ಪಾಳುಬೀಳಲಿದ್ದ 350ಕ್ಕೂ ಹೆಚ್ಚು ಹಳೆಯ ಚರ್ಚುಗಳನ್ನು ನೋಡಿಕೊಳ್ಳುತ್ತಿದೆ. ಅವುಗಳಲ್ಲಿ ಕೆಲವನ್ನು ರಾತ್ರಿ ಮಲಗಲು ಬಾಡಿಗೆಗೂ ಕೊಡುತ್ತಾರೆ.

ಕಾಣಿಕೆ ಲಕೋಟೆಯ ಮೇಲೆ ‘ಗಿಫ್ಟ್ ಏಡ್’ ಎಂಬ ಚೌಕವಿರುತ್ತದೆ. ಗುರುತು ಹಾಕಿದರೆ ನೀವು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರದ ಖಜಾನೆಯಿಂದ 25 ಪೆನ್ಸ್ ಸೇರುತ್ತದೆ. ಚರ್ಚಿಗೆ ಸರ್ಕಾರದ ದುಡ್ಡು ಹೋಗಬಾರದು ಎಂದು ವಾದಿಸುವವರು ಆ ಚೌಕವನ್ನು ಖಾಲಿ ಬಿಡಬೇಕು.